ಕೆಂಪು ಗೀಟು ಬಿದ್ದ ಚರಣ

ಮದುವೆಯಾಗಿ ಹನ್ನೆರಡೂವರೆ ವರ್ಷವಾಯಿತು. ಇಷ್ಟು ಕಾಲದಲ್ಲಿ ನಮ್ಮ ಅತ್ತೆಯ ಬಾಯಿಂದ ನನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಬಂದಿಲ್ಲ. (ಇನ್ನೊಂದು ಬಗೆಯ ಮಾತಿಗೇನೂ ಬರವಿರಲಿಲ್ಲ.) ಹನ್ನೆರಡೂವರೆ ಎಂದರೆ ನಮ್ಮ ಡಚ್ಚರಲ್ಲಿ ತಾಮ್ರದ ಮದುವೆ, ಇಪ್ಪತ್ತೈದರ ಬೆಳ್ಳಿಯವರೆಗೆ ಕಾಯಲಾರದವರು ಅರ್ಧ ದಾರಿಯಲ್ಲೇ ಕೇಕು ತಿನ್ನುತ್ತಾರೆ. ಆ ದಿನ ನೆಂಟರೆಲ್ಲ ಹಳೆಯ ಧಾಟಿಗೆ ಹೊಸ ಹಾಡು ಕಟ್ಟಿ ದಂಪತಿಯನ್ನು ಛೇಡಿಸಬೇಕು, ನಡುವೆ ಎಲ್ಲೋ ಒಂದು ಒಳ್ಳೆಯ ಮಾತನ್ನೂ ಸೇರಿಸಬೇಕು. ನನ್ನ ಆಸೆಯೆಲ್ಲ ಆ ಒಂದು ಮಾತಿನ ಮೇಲಿತ್ತು.

ನಾನು ಡೆವೆಂಟರ್‌ನ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ನಮ್ಮ ಡಚ್ಚಿನಲ್ಲಿ ಎರಡು ಮೂರು ಪದ ಬೆಸೆದು ಒಂದಾಗುತ್ತವೆ. ಸಾಲಿನ ಕೊನೆಯಲ್ಲಿ ಮುರಿದರೆ ಬೆಸುಗೆಯಲ್ಲೇ ಮುರಿಯಬೇಕು. ಹೇಳುವಾಗ ದನಿಯ ಒತ್ತು ಸಾಮಾನ್ಯವಾಗಿ ತಲೆಯ ಮೇಲೆ, ಅಂದರೆ ಮೊದಲ ಪದದ ಮೇಲೆ ಬೀಳಬೇಕು, ಬಾಲದ ಮೇಲಲ್ಲ. ಈ ವಿಷಯದಲ್ಲಿ ನನ್ನದೇ ಅಂತಿಮ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ.

ನಾದಿನಿ ಟ್ರೂಸ್ ಹಾಡನ್ನು ನಮ್ಮ ಪ್ರೆಸ್ಸಿಗೇ ತಂದು, "ಭಾವನ ಕಣ್ಣಿಗೆ ಮಾತ್ರ ಬೀಳಬಾರ್ದು" ಎಂದು ಹೇಳಿ ಹೋದಳಂತೆ. ಕರಡು ನನ್ನ ಮೇಜಿಗೆ ಬರದೆ ಇನ್ನೆಲ್ಲಿಗೆ ಹೋದೀತು? ಆದರೆ ನಾನು ಮರ್ಯಾದಸ್ಥ. ಗುಟ್ಟು ಒಡೆಯಬಾರದೆಂದು ಅರ್ಥದ ಗೊಡವೆಗೇ ಹೋಗದೆ, ಧಾಟಿ ಗುನುಗುತ್ತಾ ಬರೀ ಒತ್ತುಗಳನ್ನು ನೋಡಿದೆ. ಆಪಲ್‌ಮೂಸ್, ಅಂದರೆ ಸೇಬಿನ ಗೊಜ್ಜು. ಅದರ ಒತ್ತು 'ಮೂಸ್' ಮೇಲೆ! ತಿದ್ದಿದೆ. ಮೂರನೇ ಚರಣದಲ್ಲಂತೂ ಜೋಡುಪದಗಳೆಲ್ಲ ಬಾಲದ ಮೇಲೇ ನಿಂತಿದ್ದವು. ತಿದ್ದಿ ಪ್ರಯೋಜನವಿಲ್ಲವೆಂದು ಇಡೀ ಚರಣಕ್ಕೆ ಕೆಂಪು ಗೀಟು ಎಳೆದು ಹೊಡೆದುಹಾಕಿದೆ. ಎಂಥ ನೆಮ್ಮದಿಯಾಯಿತೆಂದರೆ, ಆ ದಿನ ಕಾಫಿಯೂ ರುಚಿಸಿತು.

ಸಮಾರಂಭದಲ್ಲಿ ಅರವತ್ತು ಮಂದಿ ನಿಂತು ಹಾಡಿದರು. ನನ್ನ ಗೊರಕೆ, ಹೋಟೆಲಿನ ತಿಂಡಿಪಟ್ಟಿಯನ್ನು ತಿದ್ದುವ ನನ್ನ ಚಟ, ಗೊಜ್ಜಿನ ಡಬ್ಬಿ ಕಾಲ ಮೇಲೆ ಬೀಳಿಸಿಕೊಂಡದ್ದು, ಯಾವುದನ್ನೂ ಬಿಡಲಿಲ್ಲ. ಒಂದು ಒತ್ತೂ ಜಾರಲಿಲ್ಲ. ಒಳ್ಳೆಯ ಮಾತಿಗಾಗಿ ಕಾಯುತ್ತಿದ್ದೆ, ಹಾಡೇ ಮುಗಿದುಹೋಯಿತು.

"ಅಷ್ಟೇನಾ?" ಎಂದೆ.

ಟ್ರೂಸ್ ಹಾಳೆ ತಿರುಗಿಸಿ ನೋಡಿದಳು. "ಅಯ್ಯೋ, ಅಮ್ಮಾ! ನೀನು ಬರೆದ ಚರಣ ಎಲ್ಲಿ?"

"ನಂಗೇನು ಗೊತ್ತು? ಪ್ರೆಸ್ಸಿನಲ್ಲಿ ಯಾವನೋ ಕಿತ್ತು ಹಾಕಿದಾನೆ" ಎಂದರು ಅತ್ತೆ. "ಮೂರು ವಾರ ಕೂತು ಬರ್ದಿದ್ದೆ."

ನನ್ನ ಹೆಂಡತಿ ಫೆನ್ನಾ ಕೆಂಡವಾದಳು. "ಸೋಮವಾರ ಹೋಗಿ ಆ ಕತ್ತೆ ಯಾರು ಅಂತ ಹುಡುಕಿ ಚೆನ್ನಾಗಿ ಉಗಿದು ಬಾ!"

"ಉಗೀತೀನಿ" ಎಂದೆ. ಆಮೇಲೆ ಮೆಲ್ಲಗೆ ಕೇಳಿದೆ: "ಅತ್ತೆ, ಅದರಲ್ಲಿ ಏನಂತ ಬರೆದಿದ್ರಿ?"

"ಹೋಗ್ಲಿ ಬಿಡಪ್ಪ" ಎಂದು ಅತ್ತೆ ಕೇಕಿನ ತಟ್ಟೆ ಎತ್ತಿಕೊಂಡರು. "ನಿನ್ನನ್ನ ಹೊಗಳಿದ್ದೆ. ಇನ್ನು ಬೆಳ್ಳಿ ಮದುವೆಗೆ ನೋಡೋಣ."