‘ನೆ’ ಹೋಗಿ ‘ದ’ ಬಂದ ಮನೆ

ಎಂಥೆಂಥ ದರಿದ್ರ ಜಾಗದಲ್ಲಿ ಬಾಳಿದ್ದೇವೆ ಅಂತ ಜಂಬ ಕೊಚ್ಚಿಕೊಳ್ಳುವುದರಲ್ಲಿ ಕರಡಪ್ಪನವರ ಹೆಂಡತಿಯ ಕಡೆಯವರನ್ನು ಮೀರಿಸುವವರಿಲ್ಲ. ನಾಲ್ಕು ಜನ ಸೇರಿದರೆ ಸಾಕು, ಶುರು. ಭಾವಮೈದ ತಂಗಿದ್ದ ಲಾಡ್ಜಿನಲ್ಲಿ ಇಲಿ ಸೋಪು ಕದ್ದದ್ದಲ್ಲದೆ ಮರುದಿನ ಸೋಪಿನ ಡಬ್ಬಿಗೂ ಬಂದಿತ್ತಂತೆ. ಚಿಕ್ಕತ್ತೆ ರೈಲು ಹಳಿಯ ಪಕ್ಕದ ಕೋಣೆಯಲ್ಲಿ ಮೂರು ವರ್ಷ ಸಂಸಾರ ಮಾಡಿದವರು. ಗಂಡ ಆಡಿದ ಅರ್ಧ ಮಾತು ಅವರಿಗೆ ಇವತ್ತಿಗೂ ಗೊತ್ತಿಲ್ಲ (ಅದಕ್ಕೇ ಸಂಸಾರ ಸುಖವಾಗಿತ್ತು ಅಂತ ಚಿಕ್ಕಮಾವನ ಎದುರೇ ಹೇಳುತ್ತಾರೆ). ಕರಡಪ್ಪನವರಿಗೆ ಮಾತ್ರ ಹೇಳಿಕೊಳ್ಳಲು ಒಂದು ತಿಗಣೆಯೂ ಇರಲಿಲ್ಲ. ಪಾಪ, ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಈಗ ಕಾಲ ಬದಲಾಗಿದೆ. ಈಗ ಅವರು ಬಾಯಿ ತೆರೆದರೆ ಉಳಿದವರು ಮೂಗು ಮುಚ್ಚುತ್ತಾರೆ.

ಕರಡಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ದಿನಪತ್ರಿಕೆಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಕರಡು ತಿದ್ದುವ ಕೆಲಸ. ಅಂದರೆ ಅಚ್ಚಿಗೆ ಹೋಗುವ ಮುಂಚೆ ಊರಿನವರ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ಹೆಕ್ಕುವುದು. ಅದಕ್ಕೇ ಕಚೇರಿಯವರು ಕರಡಪ್ಪ ಅಂದರು. ಹೆಂಡತಿ ಸಿಟ್ಟು ಬಂದಾಗ ‘ಪ್ಪ’ ಕತ್ತರಿಸಿ, ‘ಡ’ಕ್ಕೆ ಗುಡಿಸು ಕೊಟ್ಟು, ಕರಡಿ ಮಾಡುತ್ತಾಳೆ. ತಮ್ಮ ಕೈಯಿಂದ ಇಷ್ಟು ವರ್ಷದಲ್ಲಿ ಒಂದು ತಪ್ಪೂ ಆಗಿಲ್ಲ ಅನ್ನುವುದೇ ಅವರ ಸಕಲ ಆಸ್ತಿ. ಆ ಚಾಳಿ ಮನೆಗೂ ಬರುತ್ತಿತ್ತು. ಸಾಮಾನಿನ ಚೀಟಿಯಲ್ಲಿ ‘ಸಕರೆ’ ಅಂತಿದ್ದರೆ, ಕೋಟಿನ ಜೇಬಿಂದ ಕೆಂಪು ಪೆನ್ನು ತೆಗೆದು ಒತ್ತಕ್ಷರ ಕೊಡದೆ ಅಂಗಡಿಗೆ ಹೋದವರಲ್ಲ. ಮದುವೆಗೆ ಮುಂಚೆ ಆಕೆ ಬರೆದ ಮೊದಲ ಪ್ರೇಮಪತ್ರವನ್ನು ಏಳು ಕಡೆ ತಿದ್ದಿ, ‘ಭಾವ ಚೆನ್ನಾಗಿದೆ’ ಅಂತ ಷರಾ ಬರೆದು ಹಿಂತಿರುಗಿಸಿದ ಮಹಾನುಭಾವರು. ಆದರೂ ಆಕೆ ಮದುವೆಯಾದಳು. ಆ ತಪ್ಪಿಗೆ ಕೆಂಪು ಗೆರೆ ಹಾಕುವವರು ಯಾರೂ ಹತ್ತಿರದಲ್ಲಿರಲಿಲ್ಲ.

ಹಳೆ ಮನೆ ಬಿಡಬೇಕಾಗಿ ಬಂದಾಗ ಕರಡಪ್ಪ ತಮ್ಮದೇ ಪತ್ರಿಕೆಯಲ್ಲಿ ಒಂದು ಜಾಹೀರಾತು ಓದಿದರು: ‘ವಾಸದ ಮನೆ ಬಾಡಿಗೆಗಿದೆ. ಗಾಳಿ ಧಾರಾಳ.’ ಭಾನುವಾರ ಗಂಡ ಹೆಂಡತಿ ಹೋಗಿ ನೋಡಿದರು. ಮಹಡಿ ಮೇಲೆ ಎರಡು ಕೋಣೆ, ದೊಡ್ಡ ದೊಡ್ಡ ಕಿಟಕಿ. ಕೆಳಗೆ ಇರುವ ಮುದುಕನೇ ಒಡೆಯ. ಮನೆಯ ಹಿತ್ತಲಿನಾಚೆಯ ಕಾರ್ಖಾನೆಯಲ್ಲಿ ಕಾವಲುಗಾರನಾಗಿದ್ದು ನಿವೃತ್ತನಾದವನು, ಬೀದಿಗೆಲ್ಲ ಅಂಟಜ್ಜ. ಹೊಂದಿಕೊಂಡು ಹೋಗ್ತೀರಲ್ಲ ಅಂತ ಅವನು ಒಂದಲ್ಲ, ಎರಡು ಸಲ ಕೇಳಿದ. ನಮ್ಮಷ್ಟು ಹೊಂದಿಕೊಳ್ಳುವವರು ನಿಮಗೆ ಸಿಗಲಿಕ್ಕಿಲ್ಲ ಅಂತ ಕರಡಪ್ಪ ಭರವಸೆ ಕೊಟ್ಟರು. ಕರಾರುಪತ್ರದಲ್ಲಿ ಹನ್ನೊಂದು ತಿಂಗಳ ಮುಂಚೆ ಬಿಡುವಂತಿಲ್ಲ ಅಂತಿತ್ತು. ಅದರಲ್ಲಿ ಎರಡು ಮಹಾಪ್ರಾಣ ಸರಿಪಡಿಸಿ ಸಹಿ ಹಾಕಿ, ಮುಂದಿನ ಭಾನುವಾರ ಸಾಮಾನು ಸಾಗಿಸಿದರು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಾರ್ಖಾನೆಯ ಸೈರನ್ ಕೂಗಿತು. ಅದರ ಹಿಂದೆಯೇ ಅದು ಬಂತು.

ಅದನ್ನು ವಾಸನೆ ಅಂದರೆ ಉಳಿದ ವಾಸನೆಗಳು ಬೇಜಾರು ಮಾಡಿಕೊಂಡಾವು. ಅಲ್ಲಿ ಮೂಳೆ, ಗೊರಸು, ಚರ್ಮದ ಚೂರು ಹಂಡೆಗಟ್ಟಲೆ ಕುದಿಸಿ ಅಂಟು ಮಾಡುತ್ತಾರೆ. ಒಲೆಗೆ ಭಾನುವಾರ ಮಾತ್ರ ರಜೆ. ಗಾಳಿ ಧಾರಾಳ ಅಂದದ್ದು ಸುಳ್ಳಲ್ಲ. ಆ ಧಾರಾಳ ಗಾಳಿಯಷ್ಟೂ ಹಂಡೆಯ ಮೇಲಿಂದ ಹಾದು ನೆಟ್ಟಗೆ ಇವರ ಕಿಟಕಿಗೇ ಬರುತ್ತಿತ್ತು. ಏನು ಬೇಯಿಸಿದರೂ ಒಂದೇ ರುಚಿ. ನೆಂಟರು ನೀರು ಕೂಡ ಮುಟ್ಟದೆ ಎದ್ದು ಹೋಗುತ್ತಿದ್ದರು (ಅದೊಂದು ಲಾಭ ಅಂದುಬಿಟ್ಟ ಕರಡಪ್ಪನವರಿಗೆ, ಬಂದವರು ಹೆಂಡತಿಯ ತವರಿನವರು ಅನ್ನುವುದು ಆಮೇಲೆ ಹೊಳೆಯಿತು). ಆಕೆಗೆ ಔಷಧಿ ಅಂಗಡಿಯಲ್ಲಿ ಕೆಲಸ. ಮುಚ್ಚಳ ತೆಗೆಯದೆ ಇದು ಯಾವ ಔಷಧಿ ಅಂತ ಹೇಳುವಂಥ ಮೂಗು. ಆ ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಅಡುಗೆ, ಕರ್ಚೀಫು ಕಟ್ಟಿಕೊಂಡೇ ಜಗಳ. ಕೋಪ ಮೊದಲೇ ಆಕೆಯ ಮೂಗಿನ ತುದಿಯಲ್ಲಿ ಇರುತ್ತಿತ್ತು. ಈಗ ಅದಕ್ಕೂ ಅಲ್ಲಿ ನಿಲ್ಲಲಾಗದೆ ನಾಲಿಗೆಗೆ ಇಳಿದಿತ್ತು.

ಮೂರನೇ ವಾರ ಆಕೆ ಜಾಹೀರಾತಿನ ತುಂಡು ಹುಡುಕಿ ತೆಗೆದು ಜೋರಾಗಿ ಓದಿದಳು. ‘ವಾಸದ ಮನೆ’ ಅಂತ ಬರೆದವನನ್ನು ಇದೇ ಕಿಟಕಿಗೆ ಕಟ್ಟಿಹಾಕಬೇಕು ಅಂದಳು. ಕರಡಪ್ಪ ಚಹಾದ ಲೋಟ ಕೆಳಗಿಟ್ಟರು. ಅವರಿಗೆ ನೆನಪಾಗಿತ್ತು. ಜಾಹೀರಾತಿಗೆಂದು ಕಚೇರಿಗೆ ಬಂದ ಚೀಟಿಯಲ್ಲಿ ಇದ್ದದ್ದು ‘ವಾಸನೆ ಮನೆ ಬಾಡಿಗೆಗಿದೆ’ ಅಂತ. ಯಾವನೋ ಕಾಗುಣಿತ ಬಾರದ ಮುಠ್ಠಾಳ ಅಂತ ಬೈದುಕೊಂಡು, ‘ನೆ’ ಹೊಡೆದು ‘ದ’ ಬರೆದಿದ್ದರು. ಕೆಂಪು ಶಾಯಿಯಲ್ಲಿ, ಸ್ವಹಸ್ತದಿಂದ. ಯಾಕ್ರೀ ಮುಖ ಹಾಗಾಯ್ತು ಅಂತ ಆಕೆ ಕೇಳಿದ್ದಕ್ಕೆ, ವಾಸನೆ ಅಂದರು. ಒಂದು ಲೆಕ್ಕಕ್ಕೆ ನಿಜವೇ.

ಮರುದಿನ ಆಕೆ ಗಂಡನನ್ನು ಎಳೆದುಕೊಂಡು ಮೆಟ್ಟಿಲಿಳಿದಳು. ಸುಳ್ಳು ಹೇಳಿ ಕರೆಸಿದ ಮೇಲೆ ಕರಾರು ಎಲ್ಲಿಯದು, ಇವತ್ತೇ ಬಿಡುಗಡೆ ಕೊಡಿ ಅಂತ ಅಂಟಜ್ಜನ ಎದುರು ತುಂಡು ಹಿಡಿದಳು. ಅಜ್ಜ ಕನ್ನಡಕ ಹಾಕಿ ಓದಿ ಬೆಪ್ಪಾದ.

“ನಾನು ವಾಸನೆ ಮನೆ ಅಂತಲೇ ಬರೆದುಕೊಟ್ಟಿದ್ದೆನಮ್ಮ. ಗೊತ್ತಿದ್ದೇ ಬಂದ್ರಿ ಅಂದ್ಕೊಂಡೆ.”

“ವಾಸನೆ ಮನೆ ಅಂತ ಯಾರಾದ್ರೂ ಜಾಹೀರಾತು ಕೊಡ್ತಾರಾ ಅಜ್ಜಾ?”

ಬಂದವರು ಆಮೇಲೆ ಶಾಪ ಹಾಕಬಾರದಲ್ಲ ಅಂತ ಕೊಟ್ಟೆ ಅಂದ ಅಜ್ಜ, ಬರೆದ ಚೀಟಿಯ ಪ್ರತಿಗಾಗಿ ಟ್ರಂಕು ಕೆದಕಿದ, ಹಾಸಿಗೆ ಎತ್ತಿ ನೋಡಿದ. ಸಿಗಲಿಲ್ಲ. ಹೋಗಬೇಕಾದರೆ ಬೇರೆ ಕಾರಣ ಹೇಳಿ, ಆದರೆ ಈ ವಯಸ್ಸಲ್ಲಿ ಸುಳ್ಳುಗಾರ ಅಂತ ಮಾತ್ರ ಅನ್ನಿಸಿಕೊಳ್ಳುವುದಿಲ್ಲ, ಹಾಗಂದರೆ ಕರಾರು ಕರಾರೇ ಅಂತ ಪಟ್ಟು ಹಿಡಿದು ಕೂತ. ಆಕೆಯೂ ಪಟ್ಟು ಬಿಡುವವಳಲ್ಲ. ಸುಳ್ಳು ಸುಳ್ಳೇ ಅಂದಳು.

ಕರಡಪ್ಪ ಇಬ್ಬರ ನಡುವೆ ನಿಂತಿದ್ದರು. ಬಾಯಿ ಮುಚ್ಚಿಕೊಂಡರೆ ಹತ್ತೊಂಬತ್ತು ವರ್ಷದ ಮರ್ಯಾದೆ ಉಳಿಯುತ್ತದೆ, ಜೊತೆಗೆ ಹತ್ತು ತಿಂಗಳ ಅಂಟೂ ಉಳಿಯುತ್ತದೆ. ಬಾಯಿ ಬಿಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಅಂಟನ್ನಾದರೂ ತಡೆದುಕೊಂಡಾರು, ಅಜ್ಜನ ಮುಖ ನೋಡಲಾಗಲಿಲ್ಲ.

“ಅಜ್ಜ ಹೇಳೋದು ನಿಜ ಕಣೆ. ಅದನ್ನ ತಿದ್ದಿದ್ದು ನಾನು.”

ಆಕೆ ಮೆಲ್ಲಗೆ ಕರ್ಚೀಫು ಕೆಳಗಿಳಿಸಿದಳು. “ಒಂದು ತಪ್ಪೂ ಮಾಡಿಲ್ಲ ಅಂತಿದ್ರಲ್ಲ ರೀ?”

“ತಪ್ಪು ಬಿಟ್ಟಿಲ್ಲ. ಸರಿ ಇದ್ದದ್ದನ್ನೇ ತಿದ್ದಿಬಿಟ್ಟೆ.”

ಒಂದು ಗಳಿಗೆ ಯಾರೂ ಉಸಿರಾಡಲಿಲ್ಲ (ಆ ಮನೆಯಲ್ಲಿ ಅದು ಕಷ್ಟದ ಕೆಲಸವೂ ಅಲ್ಲ). ಆಮೇಲೆ ಆಕೆಗೆ ನಗು ಬಂತು. ತಡೆಯಲು ನೋಡಿ, ಆಗದೆ, ಅಜ್ಜನ ಟ್ರಂಕಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಜ್ಜನೂ ಸೇರಿಕೊಂಡ. ಬೈಗುಳಕ್ಕೆ ಸಿದ್ಧರಾಗಿದ್ದ ಕರಡಪ್ಪನವರಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮರ್ಯಾದೆ ಹೋದರೆ ಇಷ್ಟು ಹಗುರವಾಗುತ್ತದೆ ಅಂತ ಗೊತ್ತಿದ್ದರೆ ಎಂದೋ ಕಳೆದುಕೊಳ್ಳುತ್ತಿದ್ದರು. ತಪ್ಪು ತನ್ನದಲ್ಲ ಅಂತ ಪತ್ರಿಕೆಯಲ್ಲಿ ಹಾಕಿಸಿದರೆ ಸಾಕು, ಕರಾರು ಹರಿದು ಹಾಕುತ್ತೇನೆ ಅಂದ ಅಜ್ಜ.

ಹಾಕಿಸಿದರು. “‘ವಾಸದ ಮನೆ’ ಎಂದಿರುವುದನ್ನು ‘ವಾಸನೆ ಮನೆ’ ಎಂದು ಓದಿಕೊಳ್ಳಬೇಕಾಗಿ ವಿನಂತಿ.” ಆ ದಿನ ಕಚೇರಿಯಲ್ಲಿ ಒಬ್ಬನೂ ಕೆಲಸ ಮಾಡಲಿಲ್ಲ. ಅಜ್ಜ ಅದನ್ನು ಕತ್ತರಿಸಿ ತನ್ನ ಬಾಗಿಲಿಗೆ ಅಂಟಿಸಿಕೊಂಡ. ಅಂಟಿಗೇನು ಬರವೇ? ವಾರದೊಳಗೆ ಹೊಸ ಬಾಡಿಗೆದಾರನೂ ಸಿಕ್ಕ. ಅದೇ ಕಾರ್ಖಾನೆಯಲ್ಲಿ ಹಂಡೆ ಕಲಕುವವನು. ಮನೆಯೆಲ್ಲ ಸುತ್ತಿ, ವಾಸನೆ ಎಲ್ಲಿದೆ ಅಂತ ಕೇಳಿದನಂತೆ.

ಹೊಸ ಮನೆ ಚಿಕ್ಕದು, ಕಿಟಕಿ ಮೂರೇ. ಆಕೆ ನಡುಮನೆಯಲ್ಲಿ ನಿಂತು, ಕರ್ಚೀಫು ಬಿಚ್ಚಿ, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದಳು. ಏನೂ ಇಲ್ಲ ರೀ ಅಂದಳು. ಆಹಾ, ಅಂತ ಕರಡಪ್ಪ ಕೊನೆಯ ಗಂಟು ಹೊತ್ತು ಒಳಗೆ ಬಂದರು. ಆಕೆಯ ಮೂಗು ಅಲ್ಲಾಡಿತು. ಹಾಸಿಗೆ ಮೂಸಿದಳು, ಪಾತ್ರೆ ಮೂಸಿದಳು. ಎಲ್ಲ ಆಕೆಯೇ ಎರಡೆರಡು ಸಲ ತೊಳೆದದ್ದು. ಹಾಗೇ ಮೂಸುತ್ತ ಬಂದು ಗಂಡನ ಮುಂದೆ ನಿಂತಳು. ಪೆನ್ನಿನ ಜೇಬು ಹಾಳಾಗುತ್ತದೆ ಅಂತ ಅವರು ಒಗೆಯಲು ಕೊಡದ ಕೋಟು. ಆ ಮನೆಯಲ್ಲಿ ಅದನ್ನು ತೂಗುಹಾಕಿದ್ದು ಹಂಡೆಯ ಕಡೆಯ ಕಿಟಕಿಗೇ.

ಆಕೆ ಎರಡು ಬೆರಳಲ್ಲಿ ತೋಳು ಹಿಡಿದು ಕೋಟಿನ ಸಮೇತ ಅವರನ್ನು ಹೊಸ್ತಿಲು ದಾಟಿಸಿದಳು.

“ಇದು ವಾಸದ ಮನೆ. ವಾಸನೆ ಹೊರಗೆ.”

ಬಾಗಿಲು ಹಾಕಿಕೊಂಡಿತು. ಕರಡಪ್ಪ ಕೋಟು ಬಿಚ್ಚಿ ಬಿಸಿಲಿಗೆ ಹರವಿ, ಮೆಟ್ಟಿಲ ಮೇಲೆ ಕೂತರು. ಗಾಳಿ ಬೀಸುತ್ತಿತ್ತು, ಬರೀ ಗಾಳಿ. ಕೈ ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆಯಿತು. ಹೆಂಡತಿಯ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಓದಿ ನೋಡಿದರು. ಹದಿನೆಂಟು ವರ್ಷದ ಸಂಸಾರದಲ್ಲಿ ಮೊದಲ ಸಲ, ತಿದ್ದಲು ಒಂದಕ್ಷರವೂ ಸಿಗಲಿಲ್ಲ.