ಬರ್ತೀವಿ ಅನ್ನದೆ ಬಂದದ್ದು

ಒಂದೇ ದಿನದಲ್ಲಿ ಅಮ್ಮನಿಗೆ ತವರೂರು ತೋರಿಸಿ, ಒಂದು ಸಾವಿನ ಮನೆಯಲ್ಲಿ ಮಾತಾಡಿಸಿ, ಸಂಜೆಗೆ ದಾವಣಗೆರೆಗೆ ವಾಪಸ್ಸು ಕರೆತರುವುದು ನನಗೆ ಯಾವ ಲೆಕ್ಕ? ನಲವತ್ತೆಂಟರ ಹೆಂಗಸು, ಸ್ವಂತ ಕಾರು ಓಡಿಸುವವಳು!

ಕೊಕ್ಕನೂರಿನಲ್ಲಿ ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡವ್ವ, ಮಗ ಸೊಸೆಯ ಜೊತೆ ಇದ್ದಾಳೆ. ಹರಿಹರದಲ್ಲಿ ಅಮ್ಮನ ಸೋದರತ್ತೆ ತೀರಿಕೊಂಡು ವಾರವಾಗಿತ್ತು. ಹರಿಹರ ದಾರಿಯಲ್ಲೇ ಸಿಕ್ಕರೂ ಅಮ್ಮ ಇಳಿಯಲು ಬಿಡಲಿಲ್ಲ. ಸಾವಿನ ಮನೆಯಿಂದ ನೇರ ಇನ್ನೊಬ್ಬರ ಮನೆಗೆ ಹೋಗಬಾರದು. ಅದರಲ್ಲೂ ದೊಡ್ಡವ್ವ ಹೋದ ತಿಂಗಳು ಬಚ್ಚಲಲ್ಲಿ ಬಿದ್ದು ಎದ್ದವಳು.

"ಹರಿಹರದಾಗ ಎದ್ದು ಬರುವಾಗ 'ಬರ್ತೀವಿ' ಅನಬ್ಯಾಡ. ಅಂದ್ರ ಇನ್ನೊಂದು ಸಾವಿಗೆ ಬರ್ತೀವಿ ಅಂದಂಗ. ಸುಮ್ನೆ ಕೈ ಮುಗಿದು ಬಂದುಬಿಡಬೇಕು. ತಿಳೀತಾ?" ಎಂದಳು ಅಮ್ಮ.

ಹಿಂದೊಮ್ಮೆ ಸಾವಿನ ಮನೆಯಲ್ಲಿ "ಊಟ ಭಾಳ ಚಲೋ ಇತ್ತು" ಎಂದವಳು ನಾನು. ಹಾಗಾಗಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಪಿಸಿದೆ: ಬರ್ತೀವಿ ಅನ್ನಬಾರದು, ಬರ್ತೀವಿ ಅನ್ನಬಾರದು.

ಕೊಕ್ಕನೂರಿನಲ್ಲಿ ಅಮ್ಮ ತಾನು ಓದಿದ ಶಾಲೆಯ ಮುಂದೆ ಕಾರು ನಿಲ್ಲಿಸಲು ಹೇಳಿ ನೋಡಿದಳು. ಅಂಗಳದ ಹಳೇ ಹುಣಸೆಮರ ಈಗ ಇರಲಿಲ್ಲ. ದೊಡ್ಡವ್ವ ಇದ್ದಳು, ಆದರೆ ನಾನು ಬೇಸಿಗೆ ರಜೆಯಲ್ಲಿ ನೋಡುತ್ತಿದ್ದ ದೊಡ್ಡವ್ವನ ಅರ್ಧದಷ್ಟಿದ್ದಳು. ಅಕ್ಕತಂಗಿಯರು ಕೈ ಹಿಡಿದುಕೊಂಡೇ ಕೂತರು. ಮುಂದಿನ ಸಲ ಬಂದಾಗ ಈ ಕೈ ಸಿಗುತ್ತದೋ ಇಲ್ಲವೋ ಎಂದು ನನಗೇ ಹೆದರಿಕೆಯಾಯಿತು.

ಹೊರಡುವಾಗ ಅಮ್ಮ ಕಣ್ಣೊರೆಸಿಕೊಂಡು, "ನಾ ಹೇಳಾಕ ಹೋದ್ರೆ ಅಳ್ತೀನಿ. ನೀನೇ ಹೇಳಿ ಬಾ" ಎಂದು ಕಾರಿಗೆ ನಡೆದಳು. ನಾನು ಒಳಗೆ ಹೋದೆ. ದೊಡ್ಡವ್ವ ಮುಖವೆತ್ತಿ ನೋಡಿದಳು. ಬೆಳಗಿನಿಂದ ಜಪಿಸಿದ ಮಂತ್ರ ಸಮಯಕ್ಕೆ ಸರಿಯಾಗಿ ಫಲಿಸಿತು. ತುಟಿ ಬಿಚ್ಚದೆ, ತಲೆ ತಗ್ಗಿಸಿ, ಗಂಭೀರವಾಗಿ ಕೈ ಮುಗಿದು ಹೊರಬಂದೆ.

ಹರಿಹರದಲ್ಲಿ ಒಂದು ಗಂಟೆ ಕೂತೆವು. ನಾನು ಒಂದೂ ತಪ್ಪು ಮಾತಾಡಲಿಲ್ಲ. ಆ ಸಮಾಧಾನದಲ್ಲೇ ಎದ್ದು, ಹೆಂಡತಿಯನ್ನು ಕಳೆದುಕೊಂಡ ತೊಂಬತ್ತರ ಅಜ್ಜನಿಗೆ, "ಬರ್ತೀವಜ್ಜ, ಲಗೂನ ಮತ್ತೆ ಬರ್ತೀವಿ" ಎಂದುಬಿಟ್ಟೆ!

ಗೋಡೆಗೆ ಒರಗಿದ್ದ ಅಜ್ಜ ನೆಟ್ಟಗೆ ಕೂತ.

ಹೊರಗೆ ಬಂದ ಮೇಲೆ ಅಮ್ಮ ಬೈಯಲಿಲ್ಲ. ಬೈಯದಿದ್ದದ್ದೇ ನನಗೆ ಹೆದರಿಕೆ. ಮೆಲ್ಲಗೆ ಕೇಳಿದಳು, "ಅಕ್ಕಗೆ ಏನಂತ ಹೇಳಿ ಬಂದಿ?"

"ಏನೂ ಹೇಳ್ಲಿಲ್ಲ. ಕೈ ಮುಗಿದೆ."

ಅಮ್ಮನ ಮುಖ ಬಿಳುಚಿಕೊಂಡಿತು. "ಬದುಕಿರೋ ಅಕ್ಕನ ಮನಿಂದ ಹಂಗ ಬಂದ್ಯಾ? ಕಾರ್ ತಿರುಗ್ಸು."

ಫೋನ್ ಮಾಡಿದೆವು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆವು. ಎತ್ತಲಿಲ್ಲ. ಮೂಢನಂಬಿಕೆಯ ವಿರುದ್ಧ ಕಾಲೇಜಿನಲ್ಲಿ ಭಾಷಣ ಮಾಡಿ ಬಹುಮಾನ ಪಡೆದ ನಾನು ಹಾರ್ನ್ ಒತ್ತುತ್ತಲೇ ಕೊಕ್ಕನೂರಿಗೆ ಕಾರು ಓಡಿಸಿದೆ. ದೊಡ್ಡವ್ವನ ಮನೆಯಲ್ಲಿ ಹಗಲು ಎಂದೂ ಹಾಕದ ಬಾಗಿಲು ಹಾಕಿತ್ತು. ಸಾವಿನ ಮನೆಯಿಂದ ಬಂದವರು, ಒಳಗೆ ಕಾಲಿಡುವಂತಿಲ್ಲ. ಗೇಟಿನ ಹೊರಗೇ ನಿಂತು ಇಬ್ಬರೂ ಕೂಗಿದೆವು.

"ಅಕ್ಕಾ, ಬರ್ತೀವಿ!"

"ದೊಡ್ಡವ್ವಾ, ಬರ್ತೀವಿ!"

ಬಾಗಿಲು ಅಲ್ಲಾಡಲಿಲ್ಲ. ಅಮ್ಮ ನನ್ನ ಮೊಣಕೈ ಹಿಡಿದುಕೊಂಡಳು. ಇನ್ನು ಜೀವನವಿಡೀ ಅಮ್ಮನ ಮುಖ ಹೇಗೆ ನೋಡಲಿ ಎಂದುಕೊಳ್ಳುತ್ತಿದ್ದೆ. ಬಾಗಿಲು ತೆರೆಯಿತು. ನಿದ್ದೆಗಣ್ಣಿನ ದೊಡ್ಡವ್ವ.

"ಮಗ ಸೊಸಿ ಹೊಲಕ್ಕೆ ಹೋಗ್ಯಾರ, ಬಾಗ್ಲಾ ಹಾಕಿ ಒಂಚೂರು ಮಲಗಿದ್ದೆ. ಆವಾಗ ಮೂಕಿ ಹಂಗ ಹೋದಿ, ಈಗ ಊರಿಗೆಲ್ಲ ಕೇಳಂಗ ಕೂಗ್ತೀಯಲ್ಲೇ? ಒಳಗ ಬರ್ರಿ."

"ಬರಂಗಿಲ್ಲಕ್ಕ, ಸಾವಿನ ಮನಿಗೆ ಹೋಗಿ ಬಂದೀವಿ" ಎಂದು ಅಮ್ಮ ಅಳತೊಡಗಿದಳು.

ದೊಡ್ಡವ್ವ ಹಿತ್ತಲಿಗೆ ಹೋಗಿ, ಎರಡು ಕೈಯಲ್ಲಿ ಬಿಂದಿಗೆ ಹಿಡಿದು ನಿಧಾನಕ್ಕೆ ಬಂದಳು. ಗೇಟಿನ ಮೇಲಿಂದ ನಮ್ಮಿಬ್ಬರ ಮೇಲೂ ಸುರಿದಳು. ಅಮ್ಮನಿಗೆ ನಾಲ್ಕು ಹನಿ. ನನಗೆ ಪೂರ್ತಿ ಬಿಂದಿಗೆ!

"ಸ್ನಾನ ಆತು. ಇನ್ನ ಬರ್ರಿ, ಚಾ ಇಡ್ತೀನಿ."

ದೊಡ್ಡವ್ವನ ಹಳೇ ಸೀರೆ ಸುತ್ತಿಕೊಂಡು ಚಹಾ ಕುಡಿದೆ. ಈ ಸಲ ಅಮ್ಮ ತಾನೇ "ಬರ್ತೀನಕ್ಕ" ಎಂದಳು, ಅತ್ತಳು. ನಾನು ಏಳು ಸಲ ಹೇಳಿದೆ.

ಕಾರು ಹತ್ತುವಾಗ ಹರಿಹರದಿಂದ ಫೋನ್ ಬಂತು. ನಾವು ಎದ್ದು ಬಂದಾಗಿನಿಂದ ಅಜ್ಜ ಏನೂ ಮುಟ್ಟಿಲ್ಲವಂತೆ. "ಆ ಹುಡುಗಿ ಲಗೂನ ಬರ್ತೀನಿ ಅಂದಾಳ, ಯಾವಾಗ ಬರ್ತಾಳ ಕೇಳ್ರಿ" ಎಂದು ಒಂದೇ ಹಟವಂತೆ.

ಹೀಗಾಗಿ ಭಾನುವಾರ ಮತ್ತೆ ಹರಿಹರಕ್ಕೆ ಹೋಗಬೇಕು, ನಾನು ಬರುವುದಿಲ್ಲ ಎಂದು ಹೇಳಲು.