ನಿಧಾನದ ಬ್ರೌಸರ್, ಬೇಡದ ಶಬ್ದ

ಕಂಪ್ಯೂಟರ್ ರಿಪೇರಿ ಮಾಡುವವನು ನಗುವುದಕ್ಕೆಂದು ಎಲ್ಲಿಗೂ ಹೋಗಬೇಕಾಗಿಲ್ಲ, ಫೋನ್ ಎತ್ತಿದರೆ ಸಾಕು. "ಸ್ವಲ್ಪ ಸ್ಲೋ ಉಂಟು ಮಾರಾಯ್ರೆ" ಎಂದು ಶುರುವಾದ ಯಾವ ಕರೆಯೂ ಸುಮ್ಮನೆ ಮುಗಿದದ್ದು ನನಗೆ ನೆನಪಿಲ್ಲ. ಬಿಜೈಯ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ಕೆಟ್ಟ ಕಂಪ್ಯೂಟರಿಗಿಂತ ಒಳ್ಳೆಯ ಮನುಷ್ಯರನ್ನೇ ಹೆಚ್ಚು ನೋಡಿದ್ದೇನೆ.

ಆದರೆ ಈಗ ಹೇಳುವ ವಾರ ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ನನ್ನ ಮೆಟ್ಟಿಲು ಹತ್ತುವವರೇ ಇಲ್ಲದಾಗಿತ್ತು. ದುಬೈಯಲ್ಲಿರುವ ನನ್ನ ಹೆಂಡತಿಯ ಅಣ್ಣ ಅಲ್ಲಿಯ ಒಂದು ಗೋಡೌನಿನಲ್ಲಿ ನನಗೆ ಕೆಲಸ ನೋಡಿಟ್ಟಿದ್ದರು. "ಭಾನುವಾರ ಫೋನ್ ಮಾಡ್ತೇನೆ. ಅಷ್ಟರಲ್ಲಿ ಅಂಗಡಿ ಮುಚ್ಚುವ ಏರ್ಪಾಡು ಮಾಡು" ಎಂದಿದ್ದರು. ನನಗೆ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಆದರೆ ಇಲ್ಲೇ ಉಳಿಯಬೇಕಾದರೆ ಕೆಲಸ ಬೇಕಲ್ಲ? ಆ ವಾರ ಸಿಕ್ಕಿದ್ದು ಒಟ್ಟು ಮೂರು ನಿಧಾನದ ಬ್ರೌಸರ್.

ಬೇಡ ಎನ್ನಲಾರದ ಟೀಚರ್

ಮೊದಲನೆಯದು ಉರ್ವದ ನಿವೃತ್ತ ಟೀಚರೊಬ್ಬರದ್ದು. ಗಲ್ಫಿನಲ್ಲಿರುವ ನಮ್ಮವರ ಮಕ್ಕಳಿಗೆ ಕಂಪ್ಯೂಟರಿನಲ್ಲೇ ಕನ್ನಡ ಪಾಠ ಮಾಡುತ್ತಾರೆ. ನಾಲ್ಕು ಗಂಟೆಗೆ ಕ್ಲಾಸು, ಬ್ರೌಸರ್ ತೆರೆಯುವಾಗ ನಾಲ್ಕೂಕಾಲು.

ನೋಡಿದರೆ ಪರದೆಯ ಮೂಲೆಯಲ್ಲಿ ಒಂದರ ಹಿಂದೆ ಒಂದು ಚೀಟಿ ಏಳುತ್ತಿದೆ. ತೂಕ ಇಳಿಸಿ, ಸೈಟು ಕೊಳ್ಳಿ, ವರ ಬೇಕೇ ಎಂದು ಕೇಳುತ್ತಿದೆ. ಯಾವ ವೆಬ್‌ಸೈಟು ನೋಟಿಫಿಕೇಶನ್ ಕಳಿಸಲಾ ಎಂದು ಕೇಳಿದರೂ ಟೀಚರ್ 'ಅಲೋ', ಅಂದರೆ ಆಗಬಹುದು, ಎಂಬುದನ್ನು ಒತ್ತಿದ್ದರು.

"ಇಷ್ಟೆಲ್ಲದಕ್ಕೆ ಯಾಕೆ ಒಪ್ಪಿದ್ರಿ ಟೀಚರ್?"

"ಅವರು ಕೇಳಿದ್ರು ಮಗ."

"ಪಕ್ಕದಲ್ಲೇ ಬೇಡ ಅಂತ ಇನ್ನೊಂದು ಬಟನ್ ಉಂಟಲ್ಲ?"

"ಬಾಗಿಲಿಗೆ ಬಂದು ಮರ್ಯಾದೆಯಲ್ಲಿ ಕೇಳಿದವರಿಗೆ ಬೊಡ್ಚಿ ಹೇಳ್ಲಿಕ್ಕೆ ಆಗ್ತದಾ?"

ಬೊಡ್ಚಿ ಎಂದರೆ ತುಳುವಿನಲ್ಲಿ ಬೇಡ. ಗುರುತಿಲ್ಲದವರು ಬಂದರೂ ಮೊದಲು ಬೆಲ್ಲ ನೀರು ಕೊಡುವ ಊರು ನಮ್ಮದು. ಟೀಚರ್ ತೂಕ ಇಳಿಸುವ ಕಂಪೆನಿಗೂ ಅದೇ ಮರ್ಯಾದೆ ಕೊಟ್ಟಿದ್ದರು. ನಾನು ಒಂದೊಂದಾಗಿ ತೆಗೆಯುವಾಗ ಪಕ್ಕದಲ್ಲಿ ಕುಳಿತು "ಪಾಪ, ಎಂತ ಗ್ರಹಿಸ್ತಾರೋ" ಎನ್ನುತ್ತಿದ್ದರು. ಕೊನೆಗೆ ಯಾವ ಸೈಟೂ ಕೇಳುವುದಕ್ಕೇ ಬಾರದ ಹಾಗೆ ಸೆಟ್ಟಿಂಗ್ ಬದಲಾಯಿಸಿದೆ.

"ಇನ್ನು ಯಾರೂ ಕೇಳುವುದಿಲ್ಲ. ನೀವು ಬೇಡ ಹೇಳುವ ಕಷ್ಟವೂ ಇಲ್ಲ."

ಟೀಚರ ಮುಖ ಅರಳಿತು. ನಾಲ್ಕಕ್ಕೆ ಸರಿಯಾಗಿ ಕ್ಲಾಸು ಶುರುವಾಗಬಹುದು ಎಂಬ ಖುಷಿಯಲ್ಲಿ ನೀರುದೋಸೆ ಹಾಕಿದರು. ಮೂರು ತಿಂದೆ. "ಇನ್ನೊಂದು ಹಾಕ್ಲಾ?" ಎಂದರು. ಏಳನೆಯದನ್ನು ತಿನ್ನುವಾಗ ಗೊತ್ತಾಯಿತು, ಆ ಸೆಟ್ಟಿಂಗ್ ನನಗೂ ಬೇಕಿತ್ತು.

ಉಳ್ಳಾಲದ ಎಕ್ಸ್‌ಟೆನ್ಷನ್

ಎರಡನೆಯದು ಉಳ್ಳಾಲದಿಂದ ಬಂದ ಕರೆ. ಮೀನಿನ ದೋಣಿಗಳಿಗೆ ಐಸ್ ಕೊಡುವ ಪ್ಲಾಂಟಿನ ಕ್ಲಾರ್ಕ್. ಊಟವಾದ ಹೊತ್ತು.

"ಬ್ರೌಸರ್ ಹಂದುವುದೇ ಇಲ್ಲ ಮಾರಾಯ್ರೆ, ನಿಂತಲ್ಲೇ ನಿಂತಿದೆ."

ಬ್ರೌಸರಿಗೆ ನಾವು ಅಂಟಿಸಿಕೊಳ್ಳುವ ಚಿಕ್ಕ ಚಿಕ್ಕ ಜೋಡಣೆಗಳನ್ನು ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಅವು ಹೆಚ್ಚಾದರೆ ಬ್ರೌಸರ್ ತೆವಳುತ್ತದೆ. ಫೋನಿನಲ್ಲೇ ಮುಗಿಸುವ ಎಂದುಕೊಂಡೆ. ಇದು ನನ್ನ ಸೋಮಾರಿತನ.

"ಬೇಡದ ಎಕ್ಸ್‌ಟೆನ್ಷನ್ ಎಷ್ಟುಂಟು ನೋಡಿ."

"ಮೂರು ಉಂಟು."

"ಮೂರನ್ನೂ ತೆಗೀರಿ."

"ಮೂರನ್ನೂ? ನೀವು ಹೇಳಿದ್ದು ಅಂತ ಹೇಳ್ತೇನೆ ಮತ್ತೆ."

"ಹೇಳಿ, ಎಂತ ಆಗುವುದಿಲ್ಲ."

ಆ ಕಡೆ ಮೇಜು ಎಳೆದ ಸದ್ದು.

"ಈಗ ಸ್ಪೀಡ್ ಬಂತಾ?" ಎಂದೆ.

"ಸ್ಪೀಡ್ ಗೊತ್ತಿಲ್ಲ. ಫ್ಯಾನ್ ನಿಂತು ಧಣಿಗಳು ಎದ್ರು."

ಗೋಡೆಯಿಂದ ಕರೆಂಟು ಎಳೆಯುವ ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ಒಂದೂ ಬಿಡದೆ ಕಿತ್ತಿದ್ದರು. ಬಸ್ಸು ಹಿಡಿದು ಉಳ್ಳಾಲಕ್ಕೆ ಓಡಿದೆ. ನಿಜವಾದ ಎಕ್ಸ್‌ಟೆನ್ಷನ್ ಒಂಬತ್ತು ಸಿಕ್ಕಿದವು, ತೆಗೆದೆ. ತಿಂಗಳುಗಳಿಂದ ಕಾಯುತ್ತಿದ್ದ ಅಪ್‌ಡೇಟ್ ಹಾಕಿ ಕಂಪ್ಯೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದೆ. ಬೈಯಲು ಕಾದಿದ್ದ ಧಣಿಗಳು ಪುಟ ಪಟ್ಟನೆ ತೆರೆದದ್ದು ನೋಡಿ ಸಿಟ್ಟು ಮರೆತು, ಬೇಡವೆಂದರೂ ಕೇಳದೆ ಐಸ್ ಸಮೇತ ಬಂಗುಡೆ ಮೀನು ಕಟ್ಟಿಸಿ ನನ್ನ ಲ್ಯಾಪ್‌ಟಾಪ್ ಬ್ಯಾಗಿನ ಹೊರ ಜೇಬಿಗೆ ತುರುಕಿಸಿದರು.

ಬಸ್ಸಿನಲ್ಲಿ ಐಸ್ ಕರಗಿ ಬ್ಯಾಗಿನಿಂದ ನೀರು ತೊಟ್ಟಿಕ್ಕಿತು. ಪಕ್ಕದ ಸೀಟಿನ ಅಜ್ಜಿ ಬ್ಯಾಗನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಮೂಗು ಅರಳಿಸಿ ಕೇಳಿದರು: "ಈಗ ಬಂಗುಡೆಯೂ ಕಂಪ್ಯೂಟರಿನಲ್ಲಿ ಬರ್ತದಾ ಮಗಾ?"

ಹಾಜಿಯವರ ಶಬ್ದ

ದೋಸೆಯಿಂದಲೂ ಬಂಗುಡೆಯಿಂದಲೂ ಹೊಟ್ಟೆ ತುಂಬಿತು, ಆದರೆ ಅಂಗಡಿ ಉಳಿಯುವ ದಾರಿ ಕಾಣಲಿಲ್ಲ. ಶನಿವಾರ, ಅಂಗಡಿ ಮುಚ್ಚುತ್ತೇನೆ ಎಂದು ಹೇಳಲು ಕಟ್ಟಡದ ಮಾಲಕರ ಬಳಿ ಇಳಿದೆ. ಕೆಳಗಡೆ ಬಟ್ಟೆ ಅಂಗಡಿ ಇಟ್ಟಿರುವ ಹಾಜಿಯವರು.

ನಾನು ಬಾಯಿ ತೆರೆಯುವ ಮೊದಲೇ ಅವರು, "ಬಂದದ್ದು ಒಳ್ಳೆದಾಯ್ತು. ಈ ಕಂಪ್ಯೂಟರ್ ಮೂರು ದಿನದಿಂದ ಮಲಗಿದೆ" ಎಂದರು.

ನೋಡಿದೆ. ಬ್ರೌಸರಿನ ಮೇಲ್ತುದಿಯಲ್ಲಿ ಟ್ಯಾಬುಗಳು ಎಷ್ಟು ಒತ್ತಿಕೊಂಡಿದ್ದವೆಂದರೆ ಒಂದರ ಹೆಸರೂ ಓದಲು ಬರುತ್ತಿರಲಿಲ್ಲ. ಎರಡು ವರ್ಷದ ಹಿಂದಿನ ಸೀರೆ ಕ್ಯಾಟಲಾಗು ಇನ್ನೂ ತೆರೆದೇ ಇತ್ತು. ಸಾಲದ್ದಕ್ಕೆ, ನಿನ್ನೆ ಬಿಟ್ಟದ್ದನ್ನೆಲ್ಲ ಇಂದು ತಾನಾಗಿ ತೆರೆಯುವ ಸೆಟ್ಟಿಂಗ್ ಬೇರೆ.

"ಇದನ್ನೆಲ್ಲ ಕ್ಲೋಸ್ ಮಾಡ್ಬೇಕು ಹಾಜಿಯವರೇ."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಆ ಶಬ್ದ ಇಲ್ಲಿ ಬೇಡ."

ಆಗ ನೆನಪಾಯಿತು. ನಾನು ಕೋಣೆ ಹಿಡಿದ ದಿನ ಅವರ ತಂದೆ ನನಗೂ ಹೇಳಿದ್ದರು. ವ್ಯಾಪಾರದ ಜಾಗದಲ್ಲಿ ಮುಚ್ಚು, ಬಂದ್, ಕ್ಲೋಸ್ ಎನ್ನಬಾರದು. ಸಂಜೆ ಶಟರ್ ಎಳೆಯುವಾಗಲೂ 'ಇವತ್ತಿಗೆ ಸಾಕು' ಎನ್ನಬೇಕು. ಕಾಲೇಜು ಕಲಿತ ಗರ್ವದಲ್ಲಿ ನಾನು ತಲೆಯಾಡಿಸಿ ಮರೆತಿದ್ದೆ.

"ಹಾಗಾದ್ರೆ ಎಂತ ಹೇಳುವುದು?"

ಹಾಜಿಯವರು ಯೋಚಿಸಿ, "ಮನೆಗೆ ಕಳಿಸಿ" ಎಂದರು.

ಕಳಿಸಿದೆವು. "ಈ ಸೀರೆ ಕ್ಯಾಟಲಾಗು?" "ಕಳಿಸಿ." "ಈ ರೈಲಿನ ಟೈಮು?" "ಆ ರೈಲು ಆಗಲೇ ಹೋಯ್ತು, ಕಳಿಸಿ." ಅರ್ಧ ಗಂಟೆಯಲ್ಲಿ ಬ್ರೌಸರ್ ಕುದುರೆಯ ಹಾಗೆ ಓಡಿತು. ಹಾಜಿಯವರು ಒತ್ತಿದ್ದನ್ನೇ ಮತ್ತೆ ಮತ್ತೆ ಒತ್ತಿ ನೋಡಿದರು. ಈಗಲಾದರೂ ಹೇಳಬೇಕೆಂದು ನಾನು ಗಂಟಲು ಸರಿಮಾಡಿಕೊಂಡೆ.

"ಹಾಜಿಯವರೇ, ನಾನು ಅಂಗಡಿಯನ್ನು..." ಬೇಡದ ಶಬ್ದವನ್ನು ಹಿಂದಕ್ಕೆ ಎಳೆದುಕೊಂಡೆ. "ಅಂಗಡಿಯನ್ನು ಮನೆಗೆ ಕಳಿಸುವ ಅಂತ ಇದ್ದೇನೆ."

ಅವರಿಗೆ ಅರ್ಥವಾಯಿತು. "ಕೆಲಸ ಇಲ್ಲವಾ?" ಎಂದರು. ಇಲ್ಲ ಎಂದೆ.

"ಈ ಬಿಲ್ಡಿಂಗಲ್ಲಿ ಹದಿನಾಲ್ಕು ಅಂಗಡಿ ಉಂಟು. ಆ ಶಬ್ದ ಬೇಡ ಅಂತ ಎಲ್ಲರಿಗೂ ಅಪ್ಪನೇ ಹೇಳಿಕೊಟ್ಟದ್ದು. ಒಬ್ಬನಾದ್ರೂ ಆ ಟ್ಯಾಬನ್ನು ಮನೆಗೆ ಕಳಿಸಿರ್ಲಿಕ್ಕಿಲ್ಲ, ನೋಡುವ ಬನ್ನಿ" ಎಂದು ನನ್ನ ಕೈಹಿಡಿದು ಎಬ್ಬಿಸಿದರು.

ನಿಜವಾಗಿಯೂ ಒಬ್ಬನೂ ಕಳಿಸಿರಲಿಲ್ಲ. ಟೈಲರ್, ಟ್ರಾವೆಲ್ಸ್, ಕನ್ನಡಕದ ಅಂಗಡಿ, ಎಲ್ಲ ಕಡೆಯೂ ಅದೇ ಜಾತ್ರೆ. ಹಾಜಿಯವರು ಪ್ರತಿ ಬಾಗಿಲಲ್ಲೂ "ಇವರು ಮೇಲಿನವರು, ಮನೆಗೆ ಕಳಿಸ್ಲಿಕ್ಕೆ ಬಂದಿದ್ದಾರೆ" ಎಂದು ಪರಿಚಯಿಸಿದರು. ಸಂಜೆಯೊಳಗೆ, ತಿಂಗಳಿಗೊಮ್ಮೆ ಬಂದು ಎಲ್ಲರ ಕಂಪ್ಯೂಟರನ್ನೂ ನೋಡಬೇಕು, ಅದಕ್ಕೆ ಪ್ರತಿ ಅಂಗಡಿಯವರೂ ತಿಂಗಳ ಹಣ ಕೊಡಬೇಕು ಎಂದು ಮಾತಾಯಿತು. ಇಪ್ಪತ್ತು ವರ್ಷ ಮೆಟ್ಟಿಲ ಮೇಲೆ ಕುಳಿತು ಗಿರಾಕಿಗಾಗಿ ಕಾದಿದ್ದೆ, ಗಿರಾಕಿಗಳೆಲ್ಲ ಮೆಟ್ಟಿಲ ಕೆಳಗೇ ಇದ್ದರು. ಹಾಜಿಯವರ ಉಪಕಾರ ನಾನು ಮರೆಯುವವನಲ್ಲ. ಆ ಶಬ್ದಕ್ಕೆ ಹೆದರಿದ ಅವರ ತಂದೆಯದ್ದಂತೂ ದೊಡ್ಡ ಉಪಕಾರ.

ಭಾನುವಾರ ದುಬೈಯಿಂದ ಫೋನ್ ಬಂತು.

"ಎಂತ ಭಾವ, ಅಂಗಡಿ ಮುಚ್ಚಿದಿಯಾ?"

ನಾನು ಸುತ್ತ ನೋಡಿ ದನಿ ತಗ್ಗಿಸಿದೆ. "ಭಾವ, ಆ ಶಬ್ದ ಇಲ್ಲಿ ಬೇಡ."